ಹತ್ತನೆಯ ದಿನದ ಕಲ್ಲು

ಬೇರೆ ಯಾರಾದರೂ ನನಗೆ ಇದನ್ನು ಹೇಳಿದ್ದರೆ, ಪಾಪ, ದುಃಖದಲ್ಲಿ ಏನೋ ಕಂಡಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಈಗ ಹೇಳುತ್ತಿರುವವಳು ನಾನೇ. ನೀವು ನಂಬಬೇಕೆಂದೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ಗಂಡ ಭೂವಿಜ್ಞಾನಿ. ಮಳೆಗಾಲ ಮುಗಿದೊಡನೆ ಅರುಣಾಚಲದ ಗಡಿ ಬೆಟ್ಟಗಳಿಗೆ ಹೋದರೆ ಅಡ್ಯಾರ್‌ನ ಮನೆಗೆ ಮರಳುತ್ತಿದ್ದುದು ನಾಲ್ಕೈದು ತಿಂಗಳ ಮೇಲೆ. ಅಲ್ಲಿ ರಸ್ತೆಯಿಲ್ಲ, ಫೋನ್ ಸಿಗುವುದಿಲ್ಲ, ಬೆಟ್ಟ ಯಾವಾಗ ಜಾರುತ್ತದೋ ಗೊತ್ತಿಲ್ಲ. ಬಂಡೆಯಿಂದ ಒಂದು ಚೂರು ಒಡೆದು, ಅದಕ್ಕೆ ಬಿಳಿ ಬಣ್ಣದ ಒಂದು ಬೊಟ್ಟಿಟ್ಟು, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ನಂಬರ್ ಬರೆದು, ಅದೇ ನಂಬರನ್ನು ನೋಟ್‌ಬುಕ್ಕಿನಲ್ಲಿ ದಾಖಲಿಸುವುದು ಅವರ ಕೆಲಸದ ಕ್ರಮ. ಏಳನ್ನು ಬರೆದರೆ ನಡುವೆ ಒಂದು ಅಡ್ಡಗೆರೆ ಹಾಕುತ್ತಿದ್ದರು.

ಆರು ವರ್ಷದ ಹಿಂದೆ ಹಾಗೆ ಕಲ್ಲು ಒಡೆಯುತ್ತಿದ್ದಾಗಲೇ ಇಳಿಜಾರು ಕುಸಿಯಿತು. ಕೆಳಗೆ ನದಿ. ಜೊತೆಯವರು ವಾರಗಟ್ಟಲೆ ಹುಡುಕಿದರು. ಹೆಗಲಿನ ಚೀಲ, ಅದರಲ್ಲಿದ್ದ ಬಣ್ಣದ ಡಬ್ಬಿ, ಅವರು, ಯಾವುದೂ ಸಿಗಲಿಲ್ಲ. ಕ್ಯಾಂಪಿನಲ್ಲಿ ಉಳಿದಿದ್ದ ಟ್ರಂಕು ಮಾತ್ರ ಮನೆಗೆ ಬಂತು. ಅದರಲ್ಲಿದ್ದ ನೋಟ್‌ಬುಕ್ಕಿನ ಕೊನೆಯ ನಂಬರ್ 216.

ದೇಹ ನೋಡದೆ ಕರ್ಮ ಮಾಡಲು ನಾನು ಒಪ್ಪಲಿಲ್ಲ. ಕರ್ಮ ಮಾಡಿದರೆ, ಬರಬಹುದಾದವರನ್ನು ನಾವೇ ಬರಬೇಡಿ ಎಂದ ಹಾಗೆ ಅನ್ನಿಸುತ್ತಿತ್ತು. ಒಂದು ವರ್ಷ ಕಳೆಯಿತು. ಅತ್ತೆ ದಿನದಿನಕ್ಕೂ ಸೊರಗುವುದನ್ನು ನೋಡಲಾಗದೆ ಒಪ್ಪಿದೆ. ದರ್ಭೆಯಲ್ಲಿ ಅವರ ಆಕೃತಿ ಮಾಡಿ ಸುಟ್ಟರು. ಆಮೇಲೆ ಹತ್ತು ದಿನ ಒಂದು ಕಲ್ಲಿನಲ್ಲಿ ಹೋದವರನ್ನು ಆವಾಹಿಸಿ, ಎಳ್ಳುನೀರು ಬಿಡುವ ಪದ್ಧತಿ ನಮ್ಮದು. ಪುರೋಹಿತರು ಕಲ್ಲು ಕೇಳಿದರು.

"ನಮ್ಮ ಆತ್ತಲ್ಲಿ ಕಲ್ಲಿಗೇನು ಪಂಜಮಾ?" ಎಂದರು ಅತ್ತೆ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ, ಮನೆಯಲ್ಲಿ ಕಲ್ಲಿಗೇನು ಬರ ಎಂಬಂತೆ. "ಕಟ್ಟಿಲ್ ಕೆಳಗೆ ಪೂರಾ ಅದೇ ತಾನೆ ತುಂಬಿಟ್ಟಿರೋದು! ಪೆರುಕೋಕ್ಕೆ ಎಡ ಇಲ್ಲ." ಮಂಚದ ಕೆಳಗೆ ಗುಡಿಸಲೂ ಜಾಗವಿಲ್ಲವೆಂದು ಎಂದಿನಂತೆ ದೂರಿದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನನ್ನ ಗಂಡ ಬೆಟ್ಟದಿಂದ ತಂದಿಟ್ಟ ಕಲ್ಲನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ಮೈದುನ ಶ್ರೀಧರ ಬೀದಿಗೆ ಹೋಗಿ, ಎದುರಿನ ಕಟ್ಟಡದವರು ಸುರಿದಿದ್ದ ಜಲ್ಲಿಯಿಂದ ಒಂದನ್ನು ಆರಿಸಿ ತಂದ. ಅದನ್ನು ತೊಳೆದುಕೊಟ್ಟವಳು ನಾನು. ಆರು ಮುಖಗಳನ್ನೂ ಬೆರಳಿನಿಂದ ಉಜ್ಜಿದ್ದೇನೆ. ಬರೀ ಕಪ್ಪು ಕಲ್ಲು. ಮಹಡಿಯ ಮೇಲೆ ಒಂದು ಕುಂಡದಲ್ಲಿ ಮರಳು ತುಂಬಿ ಹೂತರು. ಶ್ರೀಧರ ದಿನವೂ ನೀರು ಬಿಟ್ಟ.

ಹತ್ತನೆಯ ದಿನ ಬೆಳಿಗ್ಗೆ ಅದನ್ನು ತೆಗೆದು ಬೆಸೆಂಟ್ ನಗರದ ಕಡಲಿಗೆ ಒಯ್ದೆವು. ಎಳೆಬಿಸಿಲು, ವಾಕಿಂಗ್ ಬಂದ ಜನ, ಬೆಸ್ತರ ದೋಣಿಗಳು. ಪಂಚೆ ಮೇಲೆ ಕಟ್ಟಿಕೊಳ್ಳಲು ಶ್ರೀಧರ ಕಲ್ಲನ್ನು ಒಂದು ಗಳಿಗೆ ನನ್ನ ಕೈಗೆ ಕೊಟ್ಟ. ಅಂಟಿದ್ದ ಮರಳನ್ನು ಒರೆಸಿದೆ. ಕೆಳಗೆ ಬಿಳಿಯ ಬೊಟ್ಟು. ಅದರ ಮೇಲೆ 217. ಏಳಕ್ಕೆ ಅಡ್ಡಗೆರೆ.

ಕೂಗಲಿಲ್ಲ, ಹೆದರಲೂ ಇಲ್ಲ. ಊರಿಂದ ಬಂದವರು ಬಾಗಿಲು ತಟ್ಟಿದಾಗ ಆಗುವಂಥ ಸಂತೋಷ ಮೊದಲು ಆಯಿತು ಎಂದರೆ ನೀವು ಏನು ತಿಳಿಯುತ್ತೀರೋ. ಮುಷ್ಟಿ ತಾನಾಗಿ ಬಿಗಿಯಿತು.

"ಕೊಡಿ ಅತ್ತಿಗೆ."

"ತಡಿ ಶ್ರೀಧರ. ಇದನ್ನ ಮನೇಗೆ ತೊಗೊಂಡು ಹೋಗೋಣ."

ಪುರೋಹಿತರು ಮೆಲ್ಲಗೆ, "ಇಟ್ಟುಕೊಳ್ಳಬಾರದಮ್ಮ. ಅವರು ಹೋಗಬೇಕಾದ ದಾರಿ ಕಟ್ಟಿಹೋಗುತ್ತೆ," ಎಂದರು. ಹಿಂದೆ ಮರಳಿನ ಮೇಲೆ ಅತ್ತೆ ಕೂತಿದ್ದರು. ಮಗನಿಗೆ ದಾರಿ ಆಗಲೆಂದೇ ವರ್ಷವೆಲ್ಲ ಅತ್ತವರು.

ಕೈ ಬಿಚ್ಚಿ ಕಲ್ಲನ್ನು ಶ್ರೀಧರನ ಮುಂದೆ ಹಿಡಿದೆ. "ಇಲ್ಲಿ ಏನಾದರೂ ಕಾಣುತ್ತಾ, ನೋಡು."

ಅವನು ನೋಡಿದ. ಎರಡು ಅಲೆ ಬಂದು ಹೋಗುವಷ್ಟು ಹೊತ್ತು ನೋಡಿದ. ಏನೂ ಇಲ್ಲದ ಕಲ್ಲನ್ನು ಯಾರೂ ಅಷ್ಟು ಹೊತ್ತು ನೋಡುವುದಿಲ್ಲ. ಆಮೇಲೆ, "ಕಲ್ಲು ಅತ್ತಿಗೆ. ಅಷ್ಟೇ," ಎಂದು ಅದನ್ನು ತೆಗೆದುಕೊಂಡು ಸೊಂಟದ ಮಟ್ಟದ ನೀರಿಗೆ ಇಳಿದ. ಬೆನ್ನು ತಿರುಗಿಸಿ ಹಾಕಬೇಕಿತ್ತು, ಹಾಕಿದ. ತಿರುಗಿ ಬಂದಾಗ ಅವನ ಮುಖವೆಲ್ಲ ನೀರು. ಕಡಲದ್ದೋ ಏನೋ.

ಅತ್ತೆ ಅಂದು ರಾತ್ರಿ ಬಹಳ ದಿನದ ಮೇಲೆ ನಿದ್ದೆ ಮಾಡಿದರು. ಶ್ರೀಧರ ಈಗಲೂ ಶೋಳಿಂಗನಲ್ಲೂರಿನ ಆಫೀಸು ಮುಗಿಸಿ ಶನಿವಾರ ಸಂಜೆ ನಮ್ಮಲ್ಲಿಗೆ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ನನ್ನ ಮಗಳ ಓದು ವಿಚಾರಿಸುತ್ತಾನೆ. ಆ ಬೆಳಗಿನ ಮಾತನ್ನು ಅವನೂ ಎತ್ತಿಲ್ಲ, ನಾನೂ ಕೇಳಿಲ್ಲ. ಎಷ್ಟೋ ಸಲ ಲೋಟ ಕೈಗಿಡುವಾಗ ಕೇಳಿಬಿಡೋಣ ಎಂದು ಬಾಯಿ ತನಕ ಬರುತ್ತದೆ. ನಿಜವಾಗಿ ಏನೂ ಕಾಣಲಿಲ್ಲ ಎಂದರೆ, ಅವರು ಒಂದು ಗಳಿಗೆ ಬಂದಿದ್ದರು ಎಂಬುದೂ ನನಗೆ ಉಳಿಯುವುದಿಲ್ಲ. ಕಂಡಿತ್ತು ಎಂದರೆ, ಬಂದವರನ್ನು ನಾನೇ ಕಡಲಿಗೆ ಕೊಟ್ಟೆ. ಲೋಟ ಇಟ್ಟು, ಸಕ್ಕರೆ ಸಾಕಾ ಎಂದು ಕೇಳುತ್ತೇನೆ.