ಪಂಚಮಿಯ ಅಳ್ಳು, ಮಾಸೂಮಕ್ಕನ ಭಟ್ಟಿ

ಬೆಳಗಿನ ಐದು ಗಂಟೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಮಾಸೂಮಾ ಒಲೆಯ ಬಾಯಿಗೆ ಭತ್ತದ ಹೊಟ್ಟು ತಳ್ಳುತ್ತಿದ್ದಾರೆ. ಬಾಣಲೆಯ ಮರಳು ಕಾದಿದೆಯೇ ಎಂದು ನೋಡಲು ನಾಲ್ಕು ಜೋಳದ ಕಾಳು ಎಸೆಯುತ್ತಾರೆ. ನಾಲ್ಕೂ ಚಟಚಟನೆ ಸಿಡಿದು ಬೆಳ್ಳಗಾಗುತ್ತವೆ. ವರ್ಷವೆಲ್ಲ ಮಂಡಕ್ಕಿ ಹುರಿಯುವ ಈ ಭಟ್ಟಿ, ಶ್ರಾವಣದ ಮೊದಲ ಮೂರು ದಿನ ಮಾತ್ರ ನಾಗರಪಂಚಮಿಯ ಅಳ್ಳಿಗೆ, ಅಂದರೆ ಜೋಳದ ಅರಳಿಗೆ, ಮೀಸಲು.

ಇವತ್ತು ಕೊನೆಯ ದಿನ. ನಾಳೆ ಚೌತಿ, ಹುತ್ತಕ್ಕೆ ಹಾಲೆರೆಯುವ ದಿನ, ನಾಡಿದ್ದು ಪಂಚಮಿ. ಆ ಎರಡು ದಿನ ಒಲೆಯ ಮೇಲೆ ಹಂಚಿಡುವುದಿಲ್ಲ, ಏನನ್ನೂ ಹುರಿಯುವುದಿಲ್ಲ, ನೆಲ ಅಗೆಯುವುದಿಲ್ಲ. ಮಣ್ಣೊಳಗಿನ ಹಾವಿಗೆ ಬಿಸಿ ತಾಗೀತು, ಗಾಯವಾದೀತು ಎಂಬ ಅಂಜಿಕೆ. ಮಾಸೂಮಾ ಅವರ ಭಟ್ಟಿಯೂ ಆಗ ತಣ್ಣಗಿರುತ್ತದೆ. ಯಾಕೆಂದು ಕೇಳಿದರೆ ಅವರ ಉತ್ತರ ಸರಳ: “ನಮ್ಮತ್ತೆ ಹಚ್ತಿರಲಿಲ್ಲ. ನಾನೂ ಹಚ್ಚಲ್ಲ.”

ಆರರ ಹೊತ್ತಿಗೆ ಆವರಗೆರೆಯ ರಂಗವ್ವ ಜೋಳದ ಗಂಟು ಹಿಡಿದು ಬರುತ್ತಾರೆ. ಮಗಳು ಪದ್ಮಶ್ರೀಯನ್ನು ಹರಿಹರಕ್ಕೆ ಕೊಟ್ಟ ಮೇಲೆ ಇದು ಮೊದಲ ಪಂಚಮಿ. ಹೆಣ್ಣುಮಕ್ಕಳು ತವರಿಗೆ ಬಂದು, ಅಣ್ಣ ಕಟ್ಟಿದ ಜೋಕಾಲಿ ಜೀಕಿ, ಅಳ್ಳಿನ ಉಂಡೆ ತಿನ್ನುವ ಹಬ್ಬವಿದು. ಆದರೆ ಪದ್ಮಶ್ರೀ ಬಸುರಿ. ಡಾಕ್ಟರು ಓಡಾಟ ಬೇಡವೆಂದಿದ್ದಾರೆ. ಮಗಳು ಬರಲಾರಳೆಂದ ಮೇಲೆ ತವರೇ ಅಲ್ಲಿಗೆ ಹೋಗಬೇಕು, ಸ್ವಂತ ಹೊಲದ ಜೋಳದ ಉಂಡೆ ಹೊತ್ತು.

ಮಾಸೂಮಾ ಗಂಟಿಗೆ ಕೈ ಹಾಕಿ ಒಂದು ಕಾಳು ಒತ್ತುತ್ತಾರೆ. ಉಗುರು ಸಲೀಸಾಗಿ ಒಳಗಿಳಿಯುತ್ತದೆ. ಅಳ್ಳಿನ ಜೋಳಕ್ಕೆ ಬಿಸಿನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಸಾಕು. ರಂಗವ್ವ ಹಬ್ಬದ ಗಡಿಬಿಡಿಯಲ್ಲಿ ಹೆಸರುಕಾಳಿನಂತೆ ರಾತ್ರಿಯಿಡೀ ನೀರಲ್ಲಿ ಮುಳುಗಿಸಿಟ್ಟಿದ್ದಾರೆ. ಇಷ್ಟು ನೆನೆದ ಕಾಳು ಅರಳುವುದಿಲ್ಲ.

“ಏನವ್ವಾ, ಮೊಳಕೆ ಬರ್ಲಿ ಅಂತ ಇಟ್ಟಿದ್ದೇನು?”

ಮಾಸೂಮಾ ಅವರ ಈ ಮಾತಿಗೆ, ಜೋಳ ಹುರಿಸಲು ಸಾಲಿನಲ್ಲಿ ನಿಂತವರು ನಗುತ್ತಾರೆ. ರಂಗವ್ವನ ಕಣ್ಣು ತುಂಬಿರುವುದು ಕಂಡು ನಗು ನಿಲ್ಲುತ್ತದೆ. ಮನೆಯಲ್ಲಿದ್ದ ಅಳ್ಳಿನ ಜೋಳ ಇದಿಷ್ಟೇ. ವಿದ್ಯಾನಗರದಿಂದ ಬಂದ ರೇಖಾ ಎಂಬಾಕೆ, ಅಂಗಡಿಯಲ್ಲಿ ಪ್ಯಾಕೆಟ್ ಸಿಗುತ್ತದಲ್ಲ ಎಂದು ಸಮಾಧಾನ ಹೇಳುತ್ತಾರೆ.

“ಮೊದಲ್ನೇ ಪಂಚಮಿಗೆ ಪ್ಯಾಕೆಟ್ ಒಯ್ಯಾದೇನವ್ವಾ? ಬೀಗರ ಮನೆಯಾಗ ನನ್ ಮಗಳು ತಲೆ ಎತ್ತಬ್ಯಾಡೇನು?” ರಂಗವ್ವನ ದನಿ ಸಣ್ಣದಾಗುತ್ತದೆ.

ಮಾಸೂಮಾ ಒಲೆಯ ಪಕ್ಕದ ಬೆಚ್ಚನೆಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಕಾಳು ಹರವುತ್ತಾರೆ. ಒಣಬಟ್ಟೆಯಿಂದ ಉಜ್ಜಿ, ಉಳಿದವರ ಗಂಟು ಎತ್ತಿಕೊಳ್ಳುತ್ತಾರೆ. ಕಾಯುವುದೊಂದೇ ದಾರಿ.

ಕೈ ಹುರಿಯುತ್ತಿದ್ದರೂ ಮನಸ್ಸು ಹಿಂದಕ್ಕೆ ಹೋಗುತ್ತದೆ. ಮಾಸೂಮಾ ಅವರ ತವರೂ ಹರಿಹರವೇ. ಪಕ್ಕದ ಮನೆಯ ಅನ್ನಪೂರ್ಣಮ್ಮ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿ, ತಮ್ಮ ಮಕ್ಕಳ ಜೊತೆ ಇವರನ್ನೂ ಕೂರಿಸಿ ತೂಗುತ್ತಿದ್ದರು. ಮೇಲೆ ಹೋದಾಗ ಹೊಳೆ ಕಾಣುತ್ತಿತ್ತು. ಮದುವೆಯಾಗಿ ದಾವಣಗೆರೆಗೆ ಬಂದ ಹೊಸದರಲ್ಲಿ ಪಂಚಮಿಗೆ ದಿನಕ್ಕೆ ನಲವತ್ತು ಸೇರು ಹುರಿದದ್ದಿದೆ. ಈಗ ಹತ್ತೋ ಹನ್ನೆರಡೋ. ಮೂವತ್ತು ವರ್ಷದ ಹೊಗೆಗೆ ಕಣ್ಣು ಮಂಜಾಗಿದೆ, ಮುಂಗೈ ತುಂಬ ಸುಟ್ಟ ಕಲೆ.

“ಆಗೆಲ್ಲ ಸಾಲು ರಸ್ತೆಗಂಟ ಇರ್ತಿತ್ತು ನೋಡ್ರಿ. ನಿಂತೋರ ಬಾಯಾಗೆಲ್ಲ ತವರುಮನೆ ಸುದ್ದಿ. ಅದನ್ನ ಕೇಳೋದೇ ನನಗ ಹಬ್ಬ,” ಎನ್ನುತ್ತಾರೆ.

ಒಂಬತ್ತಕ್ಕೆ ಹತ್ತು ಕಾಳು ಹಾಕಿ ನೋಡುತ್ತಾರೆ. ಮೂರು ಅರಳುತ್ತವೆ, ಏಳು ಕಪ್ಪಗಾಗುತ್ತವೆ. ರಂಗವ್ವ ಮುಖ ತಿರುಗಿಸುತ್ತಾರೆ. ಮಾಸೂಮಾ ಮತ್ತೆ ಉಜ್ಜಿ, ಮತ್ತೆ ಹರವಿ, ಹೊಟ್ಟು ಕಡಿಮೆ ಮಾಡಿ ಉರಿ ಇಳಿಸುತ್ತಾರೆ. ಮುಕ್ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಹತ್ತು ಕಾಳು. ಈ ಸಲ ಎಂಟು.

ಆಮೇಲೆ ಅವಸರವಿಲ್ಲ. ಸೇರುಗಟ್ಟಲೆ ಸುರಿಯುವ ಕೈ, ಹಿಡಿ ಹಿಡಿಯಾಗಿ ಹಾಕುತ್ತದೆ. ಬಾಣಲೆಯ ತುಂಬ ಮಲ್ಲಿಗೆ ಚೆಲ್ಲಿದಂತೆ ಅಳ್ಳು ಏಳುತ್ತದೆ. ಗಂಟಿನ ಮುಕ್ಕಾಲು ಪಾಲು ಅಳ್ಳಾಗಿ ಕೈಗೆ ಸಿಗುತ್ತದೆ.

ಇಷ್ಟಕ್ಕೆ ಉಂಡೆ ಆದಾವೇ ಎಂದು ರಂಗವ್ವ ಹೆದರುತ್ತಲೇ ಕೇಳುತ್ತಾರೆ.

“ಒಂದು ಪುಟ್ಟಿ ತುಂಬ ಆಗ್ತಾವೆ. ಮಧ್ಯಾಹ್ನ ಕಟ್ಟಿ ಸಂಜೆ ಬಸ್ ಹತ್ತವ್ವಾ.”

ರಂಗವ್ವ ಆ ಮಸಿಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಹರಿಹರದಲ್ಲಿ ನಿನ್ನ ಹೆಸರು ಹೇಳುತ್ತೇನೆ ಎನ್ನುತ್ತಾರೆ. ಮಾಸೂಮಾ ಕೈ ಬಿಡಿಸಿಕೊಂಡು, ಒಮ್ಮೆ ಜರಡಿ ಹಿಡಿದ ಅಳ್ಳನ್ನು ಎರಡನೇ ಸಲ ಜರಡಿಗೆ ಸುರಿಯುತ್ತಾರೆ.

“ಉಂಡೆ ತಿಂದೋರು ಯಾರು ಹುರಿದ್ರು ಅಂತ ಕೇಳ್ತಾರೇನು? ಆ ಹುಡುಗಿ ಹಲ್ಲಿಗೆ ಸೀದ ಕಾಳು ಒಂದೂ ಸಿಗಬಾರ್ದು. ಅಷ್ಟಾದ್ರೆ ಸಾಕು.”