ಹಗಲಿಗೆ ಕಟ್ಟಿದ ಬಟ್ಟೆ

ಕಳೆದ ತಿಂಗಳು ಮಸ್ಕಿಯಲ್ಲಿ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಅವ್ವ ನನ್ನನ್ನು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋದಳು. ಅವಳಿಗೆ ಲಂಗ ಹೊಲಿಸಲು ದಪ್ಪ ಹತ್ತಿ ಬಟ್ಟೆ ಬೇಕಾಗಿತ್ತು. ಅಂಗಡಿಯವನು ಥಾನು ಬಿಚ್ಚಿ ನನ್ನ ಮುಂದೆಯೇ ಹಾಸಿದ. ಇನ್ನೂ ನೀರು ಕಾಣದ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಹೊಡೆಯಿತು. ನಾನು ಹಿಂದೆ ಸರಿದೆ.

"ಹೊಸಾದಕ್ಕ ವಾಸನಿ ಇರ್ತೈತ್ರಿ. ಎರಡು ಸಲ ಒಗದ್ರ ಹೋಗ್ತೈತಿ," ಎಂದ ಅವನು.

ನಾನು ಹೊರಗೆ ಬಂದು ನಿಂತೆ. ಆ ವಾಸನೆಯನ್ನು ಎರಡು ವರ್ಷ ನನ್ನ ಮುಖಕ್ಕೆ ಕಟ್ಟಲಾಗಿತ್ತು. ಮಾಸಿದ ಪಟ್ಟಿಯನ್ನು ಅಕ್ಕೋರು ಒಗೆಸುತ್ತಿರಲಿಲ್ಲ. ಥಾನಿನಿಂದ ಹೊಸ ಪಟ್ಟಿ ಹರಿದು ಕಟ್ಟುತ್ತಿದ್ದರು.

ಸಿಂಧನೂರಿನ ಹೊರಗೆ, ಕಾಲುವೆಯ ಆಚೆಗಿದ್ದ ಕುರುಡು ಮಕ್ಕಳ ವಸತಿ ಶಾಲೆಯಲ್ಲಿ ಅವರು ನಮಗೆ ಟೀಚರ್. ಎದುರಿಗೆ ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ಬೆನ್ನ ಹಿಂದೆ ಪೊಲೀಸ್. ವರಾಂಡದ ಕೊನೆಯಲ್ಲಿ ಅವರ ಚಪ್ಪಲಿ ಸದ್ದಾದರೆ ಯಾರಾದರೂ "ಪೊಲೀಸ್ ಬಂದ್ಲು ಬೇ" ಎಂದು ಪಿಸುಗುಡುತ್ತಿದ್ದರು. ಎಲ್ಲ ಬೆರಳುಗಳೂ ಪುಸ್ತಕದ ಮೇಲೆ ಹತ್ತುತ್ತಿದ್ದವು.

ನಾನು ಪೂರ್ತಿ ಕುರುಡಿಯಾಗಿ ಹುಟ್ಟಲಿಲ್ಲ. ಹಗಲಲ್ಲಿ, ಹತ್ತಿರ ಹಿಡಿದರೆ, ನನಗೆ ಕಾಣುತ್ತಿತ್ತು. ಬಣ್ಣಗಳು ಗೊತ್ತಾಗುತ್ತಿದ್ದವು. ಅವ್ವನ ಮುಖ ಒಂದು ಮೊಳದ ದೂರದಲ್ಲಿದ್ದರೆ ಅವಳ ಮೂಗುತಿ, ಅವಳು ನಗುವಾಗ ಒಂದೇ ಕಡೆ ಏಳುವ ಕೆನ್ನೆ, ಎಲ್ಲ ಕಾಣುತ್ತಿದ್ದವು. ಹೊತ್ತು ಮುಳುಗಿದರೆ ಏನೂ ಇಲ್ಲ. ನಮ್ಮೂರು ಗುರುಗುಂಟಾದ ಅಂಗನವಾಡಿಯಲ್ಲಿ ಮೂರು ದಿನ ಕೂಡಿಸಿಕೊಂಡು, "ಇಕಿಗೆ ನಾವೇನು ಕಲಸೋದ್ರಿ?" ಎಂದು ಮನೆಗೆ ಕಳಿಸಿದ್ದರು. ಇಂಥ ಮಕ್ಕಳನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದ ಅಕ್ಕೋರು ನಮ್ಮ ಮನೆಗೂ ಬಂದರು. ಅಪ್ಪನಿಗೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ. ಅಕ್ಕೋರು ಅವನ ಟಿಕೆಟ್ ಚೀಲ ತೋರಿಸಿ, "ನಿನಗ ಅದನ್ನ ಹಿಡಿಯಾಕ ಬರ್ತೈತಿ, ಯಾಕಂದ್ರ ಯಾರೋ ಕಲಿಸ್ಯಾರ. ಇಕಿಗೂ ಕಲಸೋಣು," ಎಂದರಂತೆ. ಅಪ್ಪ ಆ ಮಾತನ್ನು ಜೀವನಪೂರ್ತಿ ಹೇಳುತ್ತಾ ಬಂದ.

ಶುರುವಿಗೆ ಅವರು ಅಕ್ಷರ ಕಲಿಸಲಿಲ್ಲ. ಜೋಳ, ಕಡಲೆ, ಹೆಸರುಕಾಳು ಬೆರೆಸಿದ ತಟ್ಟೆ ಕೊಟ್ಟು ಬೇರೆ ಮಾಡಲು ಕೂಡಿಸುತ್ತಿದ್ದರು. ಬೆರಳಿಗೆ ಬುದ್ಧಿ ಬರಲಿ ಎಂದು. ನಾನು ಎಲ್ಲರಿಗಿಂತ ಬೇಗ ಮುಗಿಸುತ್ತಿದ್ದೆ. ಕಣ್ಣಿನಿಂದ ಆರಿಸುತ್ತಿದ್ದೆನಲ್ಲ… ಅದು ಅವರಿಗೆ ಆಗ ತಿಳಿಯಲಿಲ್ಲ.

ಬ್ರೈಲ್ ಬಂದಾಗಲೂ ಹಾಗೆಯೇ ಮಾಡಿದೆ. ದಪ್ಪ ಕಾಗದದ ಮೇಲೆ ಉಬ್ಬಿದ ಚುಕ್ಕೆಗಳಿಗೆ ಬಣ್ಣವಿರುವುದಿಲ್ಲ, ಆದರೆ ಪಕ್ಕದಿಂದ ಬೆಳಕು ಬಿದ್ದರೆ ಒಂದೊಂದಕ್ಕೂ ಸಾಸಿವೆಯಷ್ಟು ನೆರಳು ಹುಟ್ಟುತ್ತದೆ. ನಾನು ಕಿಟಕಿಯ ಪಕ್ಕ ಕೂತು, ಬೆರಳು ಸುಮ್ಮನೆ ಆಡಿಸುತ್ತಾ, ಆ ನೆರಳುಗಳನ್ನು ಓದುತ್ತಿದ್ದೆ. ನನ್ನಂತೆ ಸ್ವಲ್ಪ ಕಾಣುವ ಮಕ್ಕಳು ಇಂಥ ಎಲ್ಲ ಶಾಲೆಗಳಲ್ಲೂ ಹೀಗೆ ಮಾಡುತ್ತಾರೆ ಎಂದು ಆಮೇಲೆ ತಿಳಿಯಿತು. ನಾಲ್ಕನೇ ತರಗತಿಯವರೆಗೆ ನಡೆಯಿತು. ಐದನೇ ತರಗತಿಯ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾನು ಜೋರಾಗಿ ಓದುತ್ತಿದ್ದಾಗ ಬೆಳಕು ಇಳಿಯಿತು. ನನ್ನ ದನಿ ನಿಂತಿತು. ಬೆಳಕು ಬಂತು, ಮತ್ತೆ ಓದಿದೆ. ಮತ್ತೆ ಇಳಿಯಿತು.

ಅಕ್ಕೋರು ನನ್ನ ಹಿಂದೆ ಬಂದು ನಿಂತರು.

"ಮೋಡ ಬಂದಾಗೊಮ್ಮೆ ನಿನ್ನ ಓದು ನಿಲ್ತೈತಲ್ಲ. ನಿನ್ನ ಬೆರಳಿಗೆ ಮೋಡ ಕಾಣಸ್ತಾವೇನಬೇ?"

ಇಡೀ ತರಗತಿ ನಕ್ಕಿತು. ಆ ದಿನದಿಂದ ನನಗೆ ಕಳ್ಳಿ ಎಂಬ ಹೆಸರು ಬಿತ್ತು. ಆ ದಿನವೇ ಬಟ್ಟೆಯೂ ಬಂತು.

"ಬೆರಳಿಲೆ ಓದು. ಕಣ್ಣಿಲೆ ಕದಿಬ್ಯಾಡ," ಎಂದು ಹೇಳಿ ತಲೆಯ ಹಿಂದೆ ಗಂಟು ಬಿಗಿದರು. ಗಂಟಿನಲ್ಲಿ ಕೂದಲೂ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲಿಲ್ಲ.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಕಟ್ಟುತ್ತಿದ್ದರು, ಸಂಜೆಯ ಓದು ಮುಗಿದ ಮೇಲೆ ಬಿಚ್ಚುತ್ತಿದ್ದರು. ಊಟದ ಹೊತ್ತಿನಲ್ಲೂ ಬಿಚ್ಚಲು ಬಿಡುತ್ತಿರಲಿಲ್ಲ, ಅನ್ನ ಸಾರು ಬೆರಳಿಗೇ ಗೊತ್ತಾಗಬೇಕು ಎನ್ನುತ್ತಿದ್ದರು. ಬಿಚ್ಚುವ ಹೊತ್ತಿಗೆ ಕತ್ತಲಾಗಿರುತ್ತಿತ್ತು. ಕತ್ತಲಲ್ಲಿ ನನಗೆ ಹುಟ್ಟಿದಾಗಿನಿಂದ ಏನೂ ಕಾಣುತ್ತಿರಲಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಭಾನುವಾರ ಅವ್ವ ಬಂದಳು. ದಢೇಸುಗೂರಿನಲ್ಲಿ ಯಾರದೋ ಮದುವೆ ಮುಗಿಸಿಕೊಂಡು, ಗುರುಗುಂಟಾಕ್ಕೆ ಹೋಗುವ ದಾರಿಯಲ್ಲಿ ಇಳಿದಿದ್ದಳು. ಶೇಂಗಾ ಉಂಡಿ ತಂದಿದ್ದಳು. ಸಂಜೆಯ ಬಸ್ಸು ಹಿಡಿಯಬೇಕಾಗಿತ್ತು. ಉಳಿದವರಿಗೆ ಭಾನುವಾರ ರಜೆ, ನನಗೆ ಮಾತ್ರ ಓದು. ಹಿಂದುಳಿದವಳು ನಾನು ತಾನೆ. ಅವ್ವ ನನ್ನ ಪಕ್ಕದಲ್ಲಿ ಕೂತಳು. ಹೊಸ ಸೀರೆ ಸರಬರ ಎಂದಿತು.

"ಹೊಸ ಸೀರಿ ಉಟ್ಕೊಂಡು ಬಂದೀನಿ ನೋಡಬೇ," ಎಂದಳು, ಮನೆಯಲ್ಲಿ ಅನ್ನುತ್ತಿದ್ದ ಹಾಗೆಯೇ.

ನಾನು ಗಂಟಿಗೆ ಕೈ ಹಾಕಿದೆ. ಅಕ್ಕೋರು ಕೈಯ ಮೇಲೆ ಹೊಡೆದರು.

"ಒಂದೀಟು ಬಿಚ್ಚಲೇನ್ರಿ ಅಕ್ಕೋರೆ? ನನ್ನ ಮಾರಿ ನೋಡಿ ಭಾಳ ದಿನ ಆತು ಅದು," ಎಂದಳು ಅವ್ವ.

"ಮಾರಿ ಎಲ್ಲಿ ಹೋಗ್ತೈತವ್ವ? ಪಾಠ ಮುಗೀಲಿ."

ಪಾಠ ಮುಗಿಯಲಿಲ್ಲ. ನಾನು ತಪ್ಪಿದಾಗಲೆಲ್ಲ ಮೊದಲಿನಿಂದ ಓದಿಸಿದರು. ಬಸ್ಸಿನ ಹೊತ್ತಾಯಿತು ಎಂದು ಅವ್ವ ಎದ್ದಳು. ಬಾಗಿಲಲ್ಲಿ ನಿಂತು, "ನಿಮ್ಮ ಕೈಯಾಗ ಇಟ್ಟೀನ್ರಿ," ಎಂದು ಅವರಿಗೆ ಹೇಳಿದ್ದು ಕೇಳಿಸಿತು. ಅವಳ ದನಿಯಲ್ಲಿ ಸಂತೋಷವಿತ್ತು. ಮಗಳು ಬೆರಳಿನಲ್ಲಿ ಓದುವುದನ್ನು ಅವಳು ಅಂದೇ ಮೊದಲ ಸಲ ನೋಡಿದ್ದು.

ಬೇಸಿಗೆ ರಜೆಗೆ ಮನೆಗೆ ಹೋದಾಗ, ಹಗಲಲ್ಲಿ, ಅವ್ವ ಮೊಳದ ದೂರದಲ್ಲಿ ಕೂತಾಗ, ಅವಳ ಮುಖವಿದ್ದ ಜಾಗದಲ್ಲಿ ಮಂಕಾದ ಒಂದು ಬೆಳಕಷ್ಟೇ ಇತ್ತು. ನಾನು ಯಾರಿಗೂ ಹೇಳಲಿಲ್ಲ. ಮರುವರ್ಷ ಅದೂ ಹೋಯಿತು. ಬಟ್ಟೆಯ ಅಗತ್ಯವೂ ಮುಗಿಯಿತು.

ಮುಂದಿನದು ಎಲ್ಲರೂ ಮೆಚ್ಚುವ ಕಥೆ. ಪರೀಕ್ಷೆಯಲ್ಲಿ ನನಗಿಂತ ಕೆಳಗಿನ ತರಗತಿಯ, ಕಣ್ಣು ಕಾಣುವ ಹುಡುಗಿ ಪಕ್ಕದಲ್ಲಿ ಕೂತು ನಾನು ಹೇಳಿದ್ದನ್ನು ಬರೆದುಕೊಡುತ್ತಿದ್ದಳು, ಹಾಗೆ ಎಸ್ಸೆಸ್ಸೆಲ್ಸಿ ಪಾಸಾದೆ. ಪಿಯುಸಿ, ಬಿಎ, ಆಮೇಲೆ ಕಲಬುರಗಿಯಲ್ಲಿ ಇತಿಹಾಸದ ಎಂಎ. ಈಗ ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೇಜಿನ ಮೇಲೆ ಬ್ರೈಲ್ ಟಿಪ್ಪಣಿ ಇಟ್ಟುಕೊಂಡು, ಮುಖ ಮಕ್ಕಳ ಕಡೆಗೆ ಮಾಡಿ ಮಾತಾಡಬಲ್ಲೆ. ನನ್ನ ಬೆರಳಿನ ವೇಗ ಅಕ್ಕೋರು ಕೊಟ್ಟದ್ದು. ಅದನ್ನು ಅಲ್ಲಗಳೆಯುವುದಿಲ್ಲ.

ಕೆಲಸ ಸಿಕ್ಕ ದಿನ ಅಪ್ಪ ಖುಷಿಯಲ್ಲಿ ಬಾಯಿಬಿಟ್ಟ. ಐದನೇ ತರಗತಿಯ ಶುರುವಿನಲ್ಲಿ ಶಾಲೆಗೆ ಬಂದಿದ್ದ ಕಣ್ಣಿನ ಡಾಕ್ಟರು, ನನ್ನ ದೃಷ್ಟಿ ಒಂದೆರಡು ವರ್ಷದಲ್ಲಿ ಪೂರ್ತಿ ಹೋಗುತ್ತದೆ ಎಂದು ಅಕ್ಕೋರಿಗೆ ಹೇಳಿದ್ದರಂತೆ. ಅಕ್ಕೋರು ಅಪ್ಪನಿಗೆ ಹೇಳಿ, ಅವ್ವನಿಗೂ ನನಗೂ ಹೇಳಬೇಡ ಎಂದಿದ್ದರಂತೆ. "ನೋಡು, ಎಷ್ಟು ಮುಂದಿಂದು ಯೋಚನೆ ಮಾಡಿದ್ರು!" ಎಂದ ಅಪ್ಪ. ಈಗ ಅವನಿಲ್ಲ.

ಮರುವಾರವೇ ನಾನು ಮಸ್ಕಿಗೆ ಹೋದೆ. ನಿವೃತ್ತರಾಗಿ ಅಕ್ಕೋರು ಅಲ್ಲಿದ್ದರು. ಚಹಾ ತಂದಿಟ್ಟರು. ನಾನು ಮುಟ್ಟಲಿಲ್ಲ.

"ನನ್ನ ಕಣ್ಣು ಹೋಗ್ತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಅದಕ್ಕ ಕಟ್ಟಿದ್ದು. ಕಣ್ಣು ಹೋದಮ್ಯಾಲ ಬೆರಳಿಗೆ ಕಲಸಾಕ ಕುಂತ್ರ ಮೂರು ವರ್ಷ ಹಾಳಾಗ್ತಿದ್ವು."

"ನನಗ ಹೇಳಬೇಕಿತ್ರಿ."

"ಹೇಳಿದ್ರ ನೀ ನೋಡ್ಕೋತ ಕುಂದರ್ತಿದ್ದಿ. ಓದ್ತಿದ್ದಿಲ್ಲ."

"ನೋಡ್ಕೋತ ಕುಂದರಬೇಕಿತ್ತು ನಾನು."

ಅವರು ಚಹಾದ ಲೋಟವನ್ನು ನನ್ನ ಕಡೆಗೆ ಸರಿಸಿದ ಸದ್ದಾಯಿತು. ಮೆತ್ತಗಾಗುತ್ತಾರೆ ಎಂದುಕೊಂಡೆ.

"ಮತ್ತ ಇವತ್ತು ನೌಕರಿ ಎಲ್ಲಿಂದ ಬರ್ತಿತ್ತು?" ಎಂದರು. ಆಮೇಲೆ, "ಚಾ ಆರಾಕತ್ತೈತಿ, ಕುಡಿ."

ನಾನು ಎದ್ದು ಬಂದೆ. ಮತ್ತೆ ಹೋಗಲಿಲ್ಲ. ಇಂದು ಕೇಳಿದ್ದರೂ ಅವರು ಅದೇ ಉತ್ತರ ಕೊಡುತ್ತಿದ್ದರು, ನಾನೂ ಹಾಗೆಯೇ ಎದ್ದು ಬರುತ್ತಿದ್ದೆ. ದಿನಕ್ಕೆ ಒಂದು ಗಂಟೆ ಬಿಚ್ಚಿದ್ದರೆ ನನ್ನ ಬೆರಳುಗಳು ಏನು ಸಾಯುತ್ತಿದ್ದವೆ? ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕುರುಡು ಮಗು ಮುಂದೆ ಏನಾಗಬೇಕು ಎಂಬುದು ಅವರಿಗೆ ಎಷ್ಟು ಸ್ಪಷ್ಟವಾಗಿ ಗೊತ್ತಿತ್ತೆಂದರೆ, ಎದುರಿಗೆ ಕೂತ ಮಗು ಇನ್ನೂ ಕುರುಡಾಗಿರಲಿಲ್ಲ ಎಂಬುದು ಅವರಿಗೆ ಕಾಣಲೇ ಇಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಅವ್ವ ಹಟ ಹಿಡಿದು ಕರೆದುಕೊಂಡು ಹೋದಳು. ಆ ಮನೆಯಲ್ಲಿ ಹಳೆಯ ವಿದ್ಯಾರ್ಥಿಗಳು ತುಂಬಿದ್ದರು. ನಮಗ ಕಣ್ಣು ಕೊಟ್ಟಾಕಿ, ಎಂದು ಒಬ್ಬರಾದ ಮೇಲೆ ಒಬ್ಬರು ಅತ್ತರು. ನನಗೆ ಅಳು ಬರಲಿಲ್ಲ. ಅಲ್ಲಿಂದ ಬರುವಾಗಲೇ ಆ ಬಟ್ಟೆ ಅಂಗಡಿಗೆ ಹೋದದ್ದು.

ಲಿಂಗಸುಗೂರಿನ ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಅವ್ವನನ್ನು ಕೇಳಿದೆ, ಆ ಭಾನುವಾರ ಅವಳು ಉಟ್ಟಿದ್ದ ಹೊಸ ಸೀರೆ ಯಾವ ಬಣ್ಣದ್ದು ಎಂದು.

"ಯಾವ ಭಾನುವಾರ?"

ನೆನಪಿಸಿದೆ. ದಢೇಸುಗೂರಿನ ಮದುವೆ, ಶೇಂಗಾ ಉಂಡಿ, ನನ್ನ ಓದು. ಅವಳು ಬಹಳ ಹೊತ್ತು ಯೋಚಿಸಿದಳು. ಓದು ನೆನಪಿತ್ತು ಅವಳಿಗೆ.

"ಸೀರಿ ನೆನಪಿಲ್ಲವ್ವ. ಹಸರೋ, ಬದನಿಕಾಯಿ ಬಣ್ಣದ್ದೋ… ಹರದು ಕೌದಿಗೆ ಹಾಕಿ ಎಷ್ಟು ವರ್ಷ ಆತೋ. ಈಗ್ಯಾಕ?"

ಆ ಮಧ್ಯಾಹ್ನ ಆ ಕೋಣೆಯಲ್ಲಿ ಮೂವರಿದ್ದೆವು. ನನ್ನ ಕಣ್ಣು ಕಟ್ಟಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ಅವ್ವನನ್ನು ನೋಡಿದವರು ಅಕ್ಕೋರೊಬ್ಬರೇ.