ಇನ್ಶೂರೆನ್ಸ್ ಹುಡುಗಿ ಶ್ರೀಯಾ

ಮಲೇಷಿಯಾದ ಸುಬಾಂಗ್ ಜಯಾದ ಡಾಕ್ಟರ್ ರಮಾನಂದರು ಮನೆಯಿಂದಲೇ ಪಾಠ ಮಾಡುವ ಕಾಲ ಬಂದಾಗಲೂ ಟೈ ಬಿಡಲಿಲ್ಲ. ಮೆಡಿಕಲ್ ಕಾಲೇಜಿನ ವಿಭಾಗ ಮುಖ್ಯಸ್ಥರೇ ಟೈ ಇಲ್ಲದೆ ಪರದೆಯ ಮೇಲೆ ಕಾಣಿಸಿದರೆ, ವಿದ್ಯಾರ್ಥಿಗಳು ಮೂತ್ರಪಿಂಡದ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಾರು ಎಂಬ ಭಯ ಅವರಿಗಿತ್ತು. ಅಂಥವರ ಊಟದ ಮೇಜಿನ ಇನ್ನೊಂದು ತುದಿಗೆ, ೨೦೨೦ರ ಮಾರ್ಚ್‌ನಲ್ಲಿ, ಮಗಳು ಶ್ರೀಯಾ ಒಂದು ಸ್ಟೀರಿಂಗ್ ತಂದು ಸ್ಕ್ರೂ ಹಾಕಿ ಬಿಗಿದಳು. ಕೆಳಗೆ ಪೆಡಲ್, ಎದುರಿಗೆ ದೊಡ್ಡ ಪರದೆ. ಇಂಗ್ಲೆಂಡಿನಲ್ಲಿ ರೇಸುಗಳೆಲ್ಲ ನಿಂತುಹೋಗಿ, ಗಡಿ ಮುಚ್ಚುವ ಮೊದಲೇ ವಿಮಾನ ಹಿಡಿದು ಅವಳು ಮನೆಗೆ ಬಂದಿದ್ದಳು. ರೇಸುಗಳು ಈಗ ಕಂಪ್ಯೂಟರಿನಲ್ಲೇ ನಡೆಯುತ್ತಿದ್ದವು. ಅಪ್ಪ ಈ ತುದಿಯಲ್ಲಿ ರಕ್ತದೊತ್ತಡವನ್ನು ವಿವರಿಸುವಾಗ ಮಗಳು ಆ ತುದಿಯಲ್ಲಿ ಅದನ್ನು ಏರಿಸುತ್ತಿದ್ದಳು.

"ಸರ್, ನಿಮ್ಮ ಮನೆಯಲ್ಲಿ ಯಾರೋ ಕಾರು ಓಡಿಸ್ತಿರೋ ಹಾಗಿದೆ," ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು.

"ಪಕ್ಕದ ಮನೆಯದು," ಎಂದರು ರಮಾನಂದರು.

ಶ್ರೀಯಾ ಹುಟ್ಟಿದ್ದು ಲೆಸ್ಟರ್‌ನಲ್ಲಿ, ಅಪ್ಪ ಅಲ್ಲಿ ಕೆಲಸದಲ್ಲಿದ್ದಾಗ. ಪಾಸ್‌ಪೋರ್ಟ್ ಬ್ರಿಟಿಷ್, ಮಾತು ಕೊನೆಗೊಂದು 'ಲಾ' ಅಂಟಿಸುವ ಮಲೇಷಿಯಾದ್ದು, ಹಸಿವು ಮಾತ್ರ ಉಡುಪಿಯದು. ಒಂಬತ್ತನೆಯ ವಯಸ್ಸಿನಲ್ಲಿ, ಇಲ್ಲಿಗೆ ಬಂದ ಹೊಸದರಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆಂದು ಹೋದವಳು ನೆಲಕ್ಕೆ ಅಂಟಿಕೊಂಡು ಓಡುವ ಪುಟಾಣಿ ಗೋ-ಕಾರ್ಟ್‌ನಲ್ಲಿ ಕೂತಳು. ಉಳಿದ ಮಕ್ಕಳು ಕೇಕ್ ತಿನ್ನಲು ಇಳಿದರೂ ಇವಳು ಇಳಿಯಲಿಲ್ಲ. ಆಮೇಲೆ ವರ್ಷಗಟ್ಟಲೆ ಪ್ರತಿ ಭಾನುವಾರ ರಮಾನಂದರೇ ಅವಳನ್ನು ಟ್ರ್ಯಾಕಿಗೆ ಕರೆದೊಯ್ದರು. ಸಂಗೀತವೋ ಟೆನ್ನಿಸ್ಸೋ ಆಗಿದ್ದರೂ ಕರೆದೊಯ್ಯುತ್ತಿದ್ದರು. ಹವ್ಯಾಸವಲ್ಲವೇ, ಹೋಗುತ್ತದೆ ಎಂದುಕೊಂಡಿದ್ದರು. ಹೋಗಲಿಲ್ಲ. ಹೋದದ್ದು ಅವಳೇ: ಹದಿನೇಳಕ್ಕೆ ಲೆಸ್ಟರ್‌ನ ಚಿಕ್ಕಮ್ಮನ ಮನೆಗೆ. ಅಲ್ಲಿ ಒಂಟಿ ಸೀಟಿನ ಕಾರುಗಳಲ್ಲಿ ಎರಡು ಸೀಸನ್ ಓಡಿದಳು. ಒಮ್ಮೆ ಗೆದ್ದಳು, ಒಮ್ಮೆ ಮಳೆಯಲ್ಲಿ ಗೋಡೆಗೆ ಗುದ್ದಿ ಕೈ ಮುರಿದುಕೊಂಡಳು. ಗುಣವಾಗಿ ಬರುವಷ್ಟರಲ್ಲಿ ಸೀಟು ಬೇರೆಯವರಿಗೆ ಹೋಗಿತ್ತು. ಆಗ ಸೇರಿದ್ದೇ ಎಂಡ್ಯೂರೆನ್ಸ್ ರೇಸಿಂಗ್. ಒಂದೇ ಕಾರನ್ನು ಮೂವರು ಸರದಿಯಂತೆ ಗಂಟೆಗಟ್ಟಲೆ ಓಡಿಸುವ ದೀರ್ಘ ಓಟ ಅದು. ಸೀಟಿನ ಬಿಸಿ ಆರುವ ಮೊದಲೇ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಶ್ರೀಯಾಗೆ ಅದೇ ಇಷ್ಟವಾಯಿತು.

ರಮಾನಂದರಿಗೆ ಕಷ್ಟವಾಗಿದ್ದು ಓಟವಲ್ಲ, ಶಬ್ದ. ರೇಸಿಂಗ್ ಡ್ರೈವರ್ ಎಂದು ಎಷ್ಟೇ ಗತ್ತಿನಿಂದ ಹೇಳಿದರೂ ಕೊನೆಗೆ ಕಿವಿಯಲ್ಲಿ ಉಳಿಯುವುದು ಡ್ರೈವರ್ ಒಂದೇ.

೨೦೧೯ರ ದೀಪಾವಳಿಗೆ ಭಾರತೀಯರ ಬಡಾವಣೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕನ್ನಡ ಸಂಘದ ಊಟ. ಪಕ್ಕದ ದೇವಸ್ಥಾನದಲ್ಲಿ ನಾದಸ್ವರ. ಸಂಘದ ಕಾರ್ಯದರ್ಶಿ, ಮೈಸೂರಿನ ಭಾನುಮತಿ, ಎಲೆಯಾಚೆಯಿಂದ ಕೂಗಿ ಕೇಳಿದರು: "ಮಗಳು ಈಗ ಏನ್ ಮಾಡ್ತಿದಾಳೆ ಸಾರ್?"

"ಎಂಡ್ಯೂರೆನ್ಸ್!"

"ಇನ್ಶೂರೆನ್ಸಾ? ಅಬ್ಬಾ, ಒಳ್ಳೇದಾಯ್ತು ಬಿಡಿ. ಸೆಟಲ್ ಆದಳು!"

ತಿದ್ದಲೆಂದು ರಮಾನಂದರು ಬಾಯಿ ತೆರೆದರು. ತೆರೆದ ಬಾಯಿಗೆ ಒಂದು ವಡೆ ಹಾಕಿಕೊಂಡರು.

ಮನೆಗೆ ಬರುವಾಗ ಹೆಂಡತಿ ವಿನೋದಾ ಕೇಳಿದರು. "ಎಂತ ಮಾರಾಯ್ರೆ, ನಿಮ್ಮ ಬಾಯಲ್ಲಿ ಮಗಳ ಕೆಲಸ ಹೇಳ್ಲಿಕ್ಕೆ ಆಗುದಿಲ್ವಾ?"

"ಗದ್ದಲ ಇತ್ತಲ್ಲ," ಎಂದರು ರಮಾನಂದರು. ಕಾರಿನೊಳಗೆ ಗದ್ದಲವಿರಲಿಲ್ಲ.

ಮರುವರ್ಷದ ನವೆಂಬರ್‌ನಲ್ಲಿ ರಾಜ್ಯೋತ್ಸವವೂ ಪರದೆಯ ಮೇಲೆಯೇ ಬಂತು. ಚೌಕಟ್ಟುಗಳಲ್ಲಿ ಮುಖಗಳು, ಎಲ್ಲರ ಹಿಂದೆಯೂ ಪುಸ್ತಕದ ಕಪಾಟು. ಶ್ರೀಯಾಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ರಮಾನಂದರು ಕೈ ಮುಗಿದರು. ನಾಡಗೀತೆ ಮುಗಿದದ್ದೇ ಭಾನುಮತಿ ಹೇಳಿದರು:

"ಶ್ರೀಯಾ, ಈ ಕೋವಿಡ್ ಪಾಲಿಸಿ ಬಗ್ಗೆ ಎಲ್ಲರಿಗೂ ಎರಡು ಮಾತು ಹೇಳಮ್ಮ. ಅಷ್ಟು ದೂರ ಇನ್ಶೂರೆನ್ಸ್‌ನಲ್ಲಿ ಇದೀಯ, ನಿನಗಿಂತ ಗೊತ್ತಿರೋರು ಇಲ್ಲಿ ಯಾರಿದಾರೆ?"

ಶ್ರೀಯಾ ಅಪ್ಪನ ಕಡೆ ತಿರುಗಿದಳು. ರಮಾನಂದರು ಟೈ ಗಂಟನ್ನು ಪರೀಕ್ಷಿಸುತ್ತಿದ್ದರು. ನಮ್ಮ ಪಪ್ಪ ಜಂಬ ಕೊಚ್ಚಿಕೊಳ್ಳುವವರಲ್ಲ, ಅದಕ್ಕೇ ಯಾರಿಗೂ ನನ್ನ ಸುದ್ದಿ ಹೇಳುವುದಿಲ್ಲ ಎಂದು ಅವಳು ತಂಡದವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಅರ್ಥವಾಯಿತು. ಅರ್ಥವಾದದ್ದು ಅವಳ ಮುಖದಲ್ಲಿ ಹಾದುಹೋದದ್ದನ್ನು ರಮಾನಂದರು ಓರೆಗಣ್ಣಿನಲ್ಲಿ ಕಂಡರು.

ಅವಳು ಪರದೆಗೆ ನಕ್ಕಳು. "ಹಲೋ ಆಂಟಿ, ಹಲೋ ಅಂಕಲ್. ಓದದೆ ಸೈನ್ ಮಾಡಬೇಡಿ. ಆಮೇಲೆ... ತುಂಬಾ ಫಾಸ್ಟ್ ಹೋಗಬೇಡಿ ಲಾ. ಕ್ಲೇಮ್ ಸಿಗಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬೈದಿದ್ದರೆ ರಮಾನಂದರು ಉತ್ತರ ಕೊಡುತ್ತಿದ್ದರು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಉತ್ತರಕ್ಕೇನು ಬರ? ಮಗಳು ತಮ್ಮ ಮಾನವನ್ನು ಉಳಿಸಿದ್ದಳು. ಅದನ್ನು ಎಲ್ಲಿಟ್ಟುಕೊಳ್ಳುವುದೆಂದು ಅವರಿಗೆ ತಿಳಿಯಲಿಲ್ಲ. ಗಂಟಲು ಸರಿಮಾಡಿಕೊಂಡು ಮಾತಿಗೆ ತೊಡಗಿದರು. ಒಂಬತ್ತು ವರ್ಷದ ಹುಡುಗಿ ಗೋ-ಕಾರ್ಟಿನಿಂದ ಇಳಿಯದೆ ಕೂತದ್ದರಿಂದ ಹಿಡಿದು ತಾವು ಬಾಯಿಗೆ ಹಾಕಿಕೊಂಡ ವಡೆಯವರೆಗೆ, ಒಂದನ್ನೂ ಬಿಡದೆ, ಕೈ ಬೀಸಿ, ಕೊನೆಗೆ ಕಣ್ಣು ಒದ್ದೆ ಮಾಡಿಕೊಂಡು ಹೇಳಿ ಮುಗಿಸಿದರು.

"ಸಾರ್," ಎಂದರು ಭಾನುಮತಿ, "ಮ್ಯೂಟ್‌ನಲ್ಲಿದೀರಿ."

ಆ ಮಾತುಗಳನ್ನು ಕೇಳಿಸಿಕೊಂಡವಳು ಪಕ್ಕದಲ್ಲಿದ್ದ ಒಬ್ಬಳೇ. ಅವಳು ಕೈ ಚಾಚಿ ಗುಂಡಿ ಒತ್ತಿದಳು. ಎರಡನೆಯ ಸಲಕ್ಕೆ ರಮಾನಂದರಲ್ಲಿ ಉಳಿದದ್ದು ಇಷ್ಟೇ:

"ನನ್ನ ಮಗಳು ಇನ್ಶೂರೆನ್ಸ್‌ನಲ್ಲಿ ಇಲ್ಲ. ಡ್ರೈವರ್."

"ಅಯ್ಯೋ, ಕೆಲಸ ಹೋಯ್ತಾ!" ಭಾನುಮತಿಯ ಕೈ ಎದೆಗೆ ಹೋಯಿತು. "ಇರಲಿ ಬಿಡಿ ಸಾರ್. ನಮ್ಮ ಬಾಂಗ್ಸಾರ್‌ನಲ್ಲೂ ಎಂಥೆಂಥವರೋ ಟಪಾವ್ ಅಂತ ಪಾರ್ಸೆಲ್ ಊಟ ಮನೆಮನೆಗೆ ತಲುಪಿಸ್ತಿದಾರೆ. ಇದರಲ್ಲಿ ನಾಚಿಕೆ ಏನಿದೆ?"

ಅಂಥ ಡ್ರೈವರ್ ಅಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಬಂದ ವೇಗಕ್ಕೆ ರಮಾನಂದರೇ ಬೆಚ್ಚಿದರು. ಎಂಥ ಡ್ರೈವರ್? ಖಾಕಿ ಅಂಗಿಯ, ಎಣ್ಣೆಯ ವಾಸನೆಯ ಒಬ್ಬ ಡ್ರೈವರನ್ನು ಅವರು ಚೆನ್ನಾಗಿ ಬಲ್ಲರು. ಮೆಡಿಕಲ್ ಓದುವಾಗ ಹಾಸ್ಟೆಲಿನಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದವರಿಗೆ "ಟ್ರಾನ್ಸ್‌ಪೋರ್ಟ್‌ನಲ್ಲಿದ್ದಾರೆ" ಎನ್ನುತ್ತಿದ್ದರು. ಗೆಳೆಯರು ಲಾರಿಗಳ ಮಾಲೀಕರೆಂದು ತಿಳಿದುಕೊಂಡಿದ್ದರು. ತಿಳಿದುಕೊಳ್ಳಲು ಇವರು ಬಿಟ್ಟಿದ್ದರು.

"ನಾಚಿಕೆ ಪಟ್ಟಿದ್ದೆ ಭಾನುಮತಿಯವರೇ," ಎಂದರು. "ಇವಳು ರೇಸ್ ಕಾರು ಓಡಿಸ್ತಾಳೆ. ನನ್ನ ಅಪ್ಪ ಬಸ್ಸು ಓಡಿಸ್ತಿದ್ರು, ಉಡುಪಿಯಿಂದ ಕಾರ್ಕಳಕ್ಕೆ. ನಾನು ಎರಡನ್ನೂ ಯಾರಿಗೂ ಹೇಳಲಿಲ್ಲ."

ಮೂಲೆಯ ಚೌಕಟ್ಟಿನಿಂದ, ಕಾರ್ಕಳದ ಕಡೆಯ ಲೆಕ್ಚರರ್ ಐತಪ್ಪ ಮುಂದಕ್ಕೆ ಬಾಗಿದರು. "ಯಾವ ಬಸ್ಸು ಸರ್? ಬೆಳಿಗ್ಗೆಯದ್ದಾ? ಆ ಹಾರ್ನ್ ಕೇಳಿದ್ರೆ ನಾವು ಅರ್ಧ ದೋಸೆ ಬಿಟ್ಟು ಓಡ್ತಿದ್ದೆವು ಮಾರಾಯ್ರೆ!"

ಎಲ್ಲರೂ ನಕ್ಕರು. ಶ್ರೀಯಾ ನಗಲಿಲ್ಲ.

"ಅಜ್ಜ ಡ್ರೈವರಾ?" ಎಂದಳು, ಮೆಲ್ಲಗೆ. "ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಅಂದ್ರಿ ಪಪ್ಪಾ. ಇಷ್ಟು ವರ್ಷ ನಾನು ಯಾರ ಥರ ಅಂತ ಯೋಚಿಸ್ತಿದ್ದೆ. ಫ್ಯಾಮಿಲಿಯಲ್ಲಿ ಯಾರೂ ಇಲ್ಲ, ನಾನೇ ಸ್ಟ್ರೇಂಜ್ ಅಂತ."

ಇದಕ್ಕೆ ಮ್ಯೂಟ್ ಗುಂಡಿಯೂ ಇರಲಿಲ್ಲ, ವಡೆಯೂ ಇರಲಿಲ್ಲ.

ಮರುದಿನದ ಪಾಠಕ್ಕೂ ಟೈ ಕಟ್ಟಿದರು, ಅಭ್ಯಾಸ. ಹೃದಯದ ಕವಾಟಗಳನ್ನು ವಿವರಿಸುತ್ತಿದ್ದಾಗ ಮೇಜಿನ ಆ ತುದಿಯಲ್ಲಿ ಎಂಜಿನ್ ಗುಡುಗಿತು.

"ಸರ್, ಪಕ್ಕದ ಮನೆಯವರು ಮತ್ತೆ ಶುರು ಮಾಡಿದ್ದಾರೆ," ಎಂದಳು ಅದೇ ವಿದ್ಯಾರ್ಥಿನಿ.

"ಪಕ್ಕದ ಮನೆಯಲ್ಲಮ್ಮ," ಎಂದರು ರಮಾನಂದರು. "ನಮ್ಮದೇ ಮನೆ. ನನ್ನ ಮಗಳು."

ಹೇಳಿ, ಆಸೆಯಿಂದ ಆ ಕಡೆ ನೋಡಿದರು. ಶ್ರೀಯಾ ತಿರುಗಲಿಲ್ಲ. ಅವಳ ಎದುರಿಗೆ ಒಂದು ತಿರುವು ಬರುತ್ತಿತ್ತು.